ಮರವೇ ಬೆನ್ನೆಲುಬಾದ ಕಾರು

ಪ್ರಯಾಣಿಕರು ಕೂರುವ ಜಾಗವೂ ಸಾಮಾನು ತುಂಬುವ ಜಾಗವೂ ಒಂದೇ ಸೂರಿನಡಿ ಸೇರಿಕೊಂಡು, ಹಿಂಬದಿಯಲ್ಲಿ ಪ್ರತ್ಯೇಕ ಡಿಕ್ಕಿಯ ಬದಲು ನೇರವಾಗಿ ಒಳಗಿನ ಅಂಕಣಕ್ಕೇ ತೆರೆದುಕೊಳ್ಳುವ ಬಾಗಿಲುಳ್ಳ ಕಾರನ್ನು ಅಮೆರಿಕದಲ್ಲಿ ಸ್ಟೇಷನ್ ವ್ಯಾಗನ್ ಎಂದೂ ಬ್ರಿಟನ್ನಿನಲ್ಲಿ ಎಸ್ಟೇಟ್ ಕಾರು ಎಂದೂ ಕರೆಯುತ್ತಾರೆ. 1992ರಲ್ಲಿ ಬಂದ ಟಾಟಾ ಎಸ್ಟೇಟನ್ನು ರಸ್ತೆಯಲ್ಲಿ ಕಂಡ ಕನ್ನಡಿಗರಿಗೆ ಈ ಆಕಾರ ಪರಿಚಿತವೇ. ರೈಲು ನಿಲ್ದಾಣದಲ್ಲಿ ಇಳಿದವರನ್ನು ಅವರ ಪೆಟ್ಟಿಗೆಗಳ ಸಮೇತ ಹೋಟೆಲಿಗೋ ಹಳ್ಳಿಯ ಬಂಗಲೆಗೋ ಒಯ್ಯಲು ರೂಪುಗೊಂಡ ಈ ವಾಹನಗಳ ಹಿಂಭಾಗವನ್ನು ಮೊದಲ ದಶಕಗಳಲ್ಲಿ ಬಡಗಿಗಳೇ ಕಟ್ಟುತ್ತಿದ್ದರು. ಸಂಖ್ಯೆ ಕಡಿಮೆ ಇದ್ದಾಗ ಉಕ್ಕಿನ ತಗಡು ಒತ್ತುವ ದುಬಾರಿ ಅಚ್ಚುಗಳಿಗಿಂತ ಮರವೇ ಅಗ್ಗವಾಗುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಲೆಕ್ಕ ಬದಲಾಯಿತು: 1946ರ ವಿಲಿಸ್ ಜೀಪ್ ವ್ಯಾಗನ್ ಮತ್ತು 1949ರ ಪ್ಲಿಮತ್ ಸಬರ್ಬನ್ ಪೂರ್ತಿ ಉಕ್ಕಿನ ಮೈ ಹೊತ್ತು ಬಂದವು, ಮತ್ತು ಕೆಲವೇ ವರ್ಷಗಳಲ್ಲಿ ಅಮೆರಿಕದ ಕಾರ್ಖಾನೆಗಳು ಮರವನ್ನು ಕೈಬಿಟ್ಟವು. ಸರಿಯಾಗಿ ಆ ಕಾಲಕ್ಕೆ, 1953ರ ಅಕ್ಟೋಬರಿನಲ್ಲಿ, ಬ್ರಿಟನ್ನಿನಲ್ಲಿ ಮಾರಿಸ್ ಮೈನರ್ ಟ್ರಾವೆಲರ್ ಎಂಬ ಪುಟ್ಟ ಎಸ್ಟೇಟ್ ಕಾರು ಮರದ ಹಿಂಭಾಗದೊಡನೆ ಮಾರಾಟಕ್ಕೆ ಬಂದು, 1971ರವರೆಗೂ ಅದೇ ರೂಪದಲ್ಲಿ ತಯಾರಾಗುತ್ತಲೇ ಇತ್ತು. ಎರಡು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊರಬಂದ ಈ ಕಾರು ಹಳೆಯ ವಾಹನಗಳನ್ನು ಉಳಿಸುವವರ ಕೈಗೆ ಇಂದಿಗೂ ಸಿಗುತ್ತದೆ. ಆದರೆ ಅದನ್ನು ಉಳಿಸುವ ಕೆಲಸ ಬೇರೆ ಯಾವ ಕಾರಿನ ದುರಸ್ತಿಯಂತೆಯೂ ಇಲ್ಲ.

ಟ್ರಾವೆಲರ್‌ನ ಮೂಲವಾದ ಮೈನರ್ ಕಾರು 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಇಂದಿನ ಟರ್ಕಿಯ ಇಜ್ಮಿರ್ ನಗರದಲ್ಲಿ ಹುಟ್ಟಿ, ಮುಂದೆ ಮಿನಿ ಕಾರಿನ ವಿನ್ಯಾಸದಿಂದ ಲೋಕಪ್ರಸಿದ್ಧನಾದ ಅಲೆಕ್ ಇಸಿಗೋನಿಸ್ ಇದರ ವಿನ್ಯಾಸಕಾರ. ತಯಾರಿಕೆ ಶುರುವಾಗುವ ಹೊಸ್ತಿಲಲ್ಲಿ ಕಾರು ತೀರ ಕಿರಿದಾಯಿತೆಂದು ಆತನಿಗೆ ಅನ್ನಿಸಿದಾಗ, ಮಾದರಿ ಕಾರನ್ನು ಉದ್ದಕ್ಕೂ ಎರಡಾಗಿ ಸೀಳಿಸಿ, ಹೋಳುಗಳನ್ನು ಸರಿಸಿ ನೋಡಿ, ನಡುವೆ 4 ಅಂಗುಲ ಸೇರಿಸಿದ. ಬಾನೆಟ್ಟಿನ ನಡುವೆ ಉಬ್ಬಿದ ಪಟ್ಟಿ ಆ ಸೇರ್ಪಡೆಯ ಗುರುತಾಗಿ ಕೊನೆಯವರೆಗೂ ಉಳಿಯಿತು. ಒಟ್ಟು ಹದಿನಾರು ಲಕ್ಷದಷ್ಟು ತಯಾರಾದ ಮೈನರ್, ಹತ್ತು ಲಕ್ಷ ದಾಟಿದ ಮೊದಲ ಬ್ರಿಟಿಷ್ ಕಾರು. ಭಾರತಕ್ಕೂ ಅದು ಹೊಸದಲ್ಲ: ಐವತ್ತರ ದಶಕದ ಆರಂಭದಲ್ಲಿ ಹಿಂದೂಸ್ತಾನ್ ಮೋಟರ್ಸ್ ಇದನ್ನೇ ‘ಬೇಬಿ ಹಿಂದೂಸ್ತಾನ್’ ಎಂಬ ಹೆಸರಿನಲ್ಲಿ ಮಾರಿತು, ಮತ್ತು ಅದೇ ಮಾರಿಸ್ ಮನೆತನದ ಆಕ್ಸ್‌ಫರ್ಡ್ ಕಾರು ಅಂಬಾಸಿಡರ್ ಆಗಿ 2014ರವರೆಗೆ ಉತ್ತರಪಾರಾದ ಕಾರ್ಖಾನೆಯಿಂದ ಹೊರಬರುತ್ತಿತ್ತು. ಅಂಬಾಸಿಡರ್ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ ಮೈನರ್ ಕಾರಿನ ಕೆಳಗೆ ತೂರಿದರೆ ಹೆಚ್ಚಿನ ಭಾಗಗಳ ಪರಿಚಯ ತಾನಾಗಿಯೇ ಸಿಗುತ್ತದೆ. ಆದರೆ ಟ್ರಾವೆಲರ್‌ನ ಹಿಂಭಾಗದ ಮುಂದೆ ನಿಂತಾಗ ಆತನಿಗೆ ಒಬ್ಬ ಬಡಗಿಯ ನೆರವು ಬೇಕಾಗುತ್ತದೆ.

ಟ್ರಾವೆಲರ್‌ನ ಮುಂದಿನ ಅರ್ಧ ಸಾಮಾನ್ಯ ಮೈನರ್‌ನಂತೆಯೇ ಉಕ್ಕಿನದು, ಅಂದರೆ ಬೇರೆ ಚಾಸಿಯಿಲ್ಲದೆ ಕಾರಿನ ನೆಲ, ಬದಿ, ಮುಂಭಾಗಗಳೇ ಒಂದಕ್ಕೊಂದು ಬೆಸೆದುಕೊಂಡು ಭಾರ ಹೊರುವ ರಚನೆ. ಮುಂಬಾಗಿಲಿನ ಹಿಂದಿನ ಅಂಚಿಗೆ ಬಂದ ಕೂಡಲೇ ಈ ವ್ಯವಸ್ಥೆ ಬದಲಾಗುತ್ತದೆ. ಬಾಗಿಲು ಮುಚ್ಚಿದಾಗ ಚಿಲಕ ಕಚ್ಚಿಕೊಳ್ಳುವ ಕಂಬವೇ ಮರದ್ದು. ಅಲ್ಲಿಂದ ಹಿಂದಕ್ಕೆ ನೆಲದ ಅಂಚಿನ ಮೇಲೆ ಕೂತ ಕೆಳತೊಲೆ, ಚಕ್ರದ ಮೇಲೆ ಬಾಗಿದ ಕಮಾನು, ಕಿಟಕಿಯ ಕೆಳಗೆ ಹಾಯುವ ನಡುಪಟ್ಟಿ, ಸೂರನ್ನು ಹೊತ್ತ ಮೇಲ್ತೊಲೆ, ಹಿಂಬದಿಯ ಎರಡು ಮೂಲೆಗಂಬಗಳು ಮತ್ತು ಎರಡು ಬಾಗಿಲುಗಳ ಚೌಕಟ್ಟು, ಇವೆಲ್ಲವೂ ಆಶ್ ಎಂಬ ಮರದಿಂದ ಆದವು. ಈ ಚೌಕಟ್ಟಿನ ನಡುವಿನ ಬಣ್ಣ ಬಳಿದ ಅಲ್ಯೂಮಿನಿಯಂ ತಗಡು ಬರೀ ತುಂಬುವಸ್ತು. ಸೂರಿನ ಅಲ್ಯೂಮಿನಿಯಂ ತನ್ನ ತೂಕವನ್ನು ಮರದ ಮೇಲೆ ಇಳಿಸಿ ಕೂತಿರುತ್ತದೆ. ಕಂಬ-ತೊಲೆಗಳೇ ಭಾರ ಹೊರುವ ಹಳೆಯ ಮನೆಯಲ್ಲಿ ಮಣ್ಣಿನ ಗೋಡೆ ನಡುವಿನ ಜಾಗವನ್ನಷ್ಟೇ ಮುಚ್ಚುವಂತೆ, ಇಲ್ಲಿಯೂ ಮರವನ್ನು ತೆಗೆದರೆ ಉಳಿಯುವುದು ನಿಲ್ಲಲಾರದ ತಗಡು ಮಾತ್ರ.

ಇದನ್ನು ಒತ್ತಿ ಹೇಳಬೇಕಾಗಿ ಬರುವುದಕ್ಕೆ ಕಾರಣವಿದೆ. 1960ರಲ್ಲಿ ಬಂದ ಮಿನಿ ಟ್ರಾವೆಲರ್ ಕಾರಿನ ಮೇಲೂ ನೋಡಲು ಇಂಥದೇ ಮರದ ಪಟ್ಟಿಗಳಿವೆ, ಆದರೆ ಅವು ಪೂರ್ತಿ ಉಕ್ಕಿನ ಮೈಯ ಮೇಲೆ ಅಂಟಿಸಿದ ಅಲಂಕಾರ. ಅವನ್ನು ಕಿತ್ತು ಹಾಕಿದರೂ ಕಾರು ಓಡುತ್ತದೆ. ಮೈನರ್ ಟ್ರಾವೆಲರ್ ಕೊಳ್ಳುವವರಲ್ಲಿ ಅನೇಕರು ಇದರ ಮರವನ್ನೂ ಹಾಗೆಯೇ ಭಾವಿಸಿ, ಕಪ್ಪಾದ ತುಂಡುಗಳಿಗೆ ವಾರ್ನಿಷ್ ಬಳಿದು, ಟೊಳ್ಳಾದ ಕಡೆ ಲಪ್ಪ ಮೆತ್ತಿ, ಎಂಜಿನ್ ಮತ್ತು ಬಣ್ಣದ ಮೇಲೆ ಹಣ ಸುರಿಯುತ್ತಾರೆ. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆ, ಅಲ್ಲಿ ಎಂಒಟಿ ಎಂದು ಕರೆಯುವ ಪರೀಕ್ಷೆ, ಈ ಮರವನ್ನು ವಾಹನದ ಭಾರ ಹೊರುವ ಭಾಗವೆಂದೇ ಪರಿಗಣಿಸುತ್ತದೆ. ತುಕ್ಕು ಹಿಡಿದ ಉಕ್ಕಿನ ತೊಲೆಗಾಗಿ ಕಾರನ್ನು ತಿರಸ್ಕರಿಸುವಂತೆ ಕೊಳೆತ ಮರಕ್ಕಾಗಿಯೂ ತಿರಸ್ಕರಿಸಬಹುದು. ಟ್ರಾವೆಲರ್‌ನ ಪುನರುಜ್ಜೀವನದ ಪ್ರತಿಯೊಂದು ತೀರ್ಮಾನವೂ, ಯಾವುದನ್ನು ಮೊದಲು ಬಿಚ್ಚಬೇಕು, ಯಾವುದನ್ನು ಉಳಿಸಬೇಕು, ಎಲ್ಲಿ ಹಣ ಹಾಕಬೇಕು ಎಂಬುದೆಲ್ಲವೂ, ಈ ಒಂದು ಸಂಗತಿಯಿಂದಲೇ ಹೊರಡುತ್ತದೆ.

ಆಶ್ ಯುರೋಪಿನ ಕಾಡುಗಳ ಮರ. ಸಸ್ಯಶಾಸ್ತ್ರದಲ್ಲಿ ಫ್ರ್ಯಾಕ್ಸಿನಸ್ ಎಕ್ಸೆಲ್ಸಿಯರ್ ಎಂದು ಹೆಸರು. ನಮ್ಮ ಮಲ್ಲಿಗೆ ಮತ್ತು ಪಾರಿಜಾತಗಳು ಸೇರಿದ ಸಸ್ಯಕುಟುಂಬಕ್ಕೇ ಅದೂ ಸೇರಿದ್ದು ಎಂಬುದು ಕೇಳಲು ಅಚ್ಚರಿಯ ಸಂಗತಿ. ಉದ್ದನೆಯ ನೇರ ಎಳೆಗಳುಳ್ಳ ಈ ಮರ ಪೆಟ್ಟು ಬಿದ್ದರೆ ಮುರಿಯುವ ಬದಲು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಆದ್ದರಿಂದಲೇ ಸುತ್ತಿಗೆ-ಸಲಿಕೆಗಳ ಹಿಡಿಗಳನ್ನೂ ಕ್ರಿಕೆಟ್ ವಿಕೆಟ್ಟಿನ ಗೂಟಗಳನ್ನೂ ಇದರಿಂದ ಮಾಡುತ್ತಾರೆ, ಮತ್ತು ಇಂಗ್ಲೆಂಡಿನ ಮಾರ್ಗನ್ ಸಂಸ್ಥೆ ತನ್ನ ಕಾರುಗಳ ಮೈಯ ಚೌಕಟ್ಟನ್ನು ಇಂದಿಗೂ ಇದರಿಂದಲೇ ಕಟ್ಟುತ್ತದೆ. ಸದಾ ಅಲುಗುವ ವಾಹನಕ್ಕೆ ಈ ಗುಣ ಬಹಳ ಒಳ್ಳೆಯದು. ಆದರೆ ಆಶ್‌ಗೆ ದೊಡ್ಡ ದೌರ್ಬಲ್ಯವೊಂದಿದೆ: ತೇಗದಲ್ಲಿರುವಂತೆ ಕೊಳೆಯನ್ನು ತಡೆಯುವ ಸ್ವಾಭಾವಿಕ ಎಣ್ಣೆ ಇದರಲ್ಲಿಲ್ಲ. ಒಣಗಿದ್ದರೆ ಎಷ್ಟು ಕಾಲವಾದರೂ ಬಾಳುವ ಮರ, ಒದ್ದೆಯಾಗಿಯೇ ಉಳಿದರೆ ಶಿಲೀಂಧ್ರಗಳಿಗೆ ಬೇಗ ತುತ್ತಾಗುತ್ತದೆ.

ಹಾಗಾಗಿ ಟ್ರಾವೆಲರ್ ಸಾಯುವುದು ಓಡಿ ಸವೆದು ಎನ್ನುವುದಕ್ಕಿಂತ ನಿಂತಲ್ಲೇ ನಿಂತು. ಹಿಂದಿನ ಕಿಟಕಿಗಳು ಕೆಳಗಿಳಿಯುವುದಿಲ್ಲ, ತೋಡಿನಲ್ಲಿ ಹಿಂದೆ-ಮುಂದೆ ಜಾರುತ್ತವೆ. ಆ ತೋಡಿನಲ್ಲಿ ಎಲೆ, ದೂಳು, ಪರಾಗ ಸೇರಿ ನೀರು ಹೊರಹೋಗುವ ರಂಧ್ರಗಳು ಕಟ್ಟಿಕೊಂಡರೆ ಮಳೆನೀರು ಅಲ್ಲೇ ನಿಂತು ನಡುಪಟ್ಟಿಯೊಳಕ್ಕೆ ಇಳಿಯುತ್ತದೆ. ಬೇಲಿಯ ಪಕ್ಕ ಅಥವಾ ಮರದ ಕೆಳಗೆ ಬಹುಕಾಲ ಬಿಟ್ಟ ಕಾರುಗಳ ಕಿಟಕಿಯಂಚಿನಲ್ಲಿ ಹಸಿರು ಪಾಚಿ ಬೆಳೆದಿರುವುದು ಅಪರೂಪದ ದೃಶ್ಯವೇನಲ್ಲ. ಮರದ ಎಳೆಗಳು ಉದ್ದಕ್ಕೆ ಹರಿದಿರುವ ಬದಿಗಳಿಗಿಂತ ಅವು ಕತ್ತರಿಸಿ ತೆರೆದುಕೊಂಡಿರುವ ತುದಿಗಳು ಎಷ್ಟೋ ಪಟ್ಟು ಹೆಚ್ಚು ನೀರು ಹೀರುತ್ತವೆ. ಚೌಕಟ್ಟಿನ ಪ್ರತಿಯೊಂದು ಜೋಡಣೆಯಲ್ಲೂ ಇಂಥ ತುದಿಯೊಂದು ಇನ್ನೊಂದು ತುಂಡಿನ ತೋಡಿನೊಳಗೆ ಕೂತಿರುತ್ತದೆಯಾದ್ದರಿಂದ ಹಳೆಯ ಅಂಟು ಬಿಟ್ಟ ಕೂಡಲೇ ಕೊಳೆ ಜೋಡಣೆಯಿಂದಲೇ ಆರಂಭವಾಗುತ್ತದೆ. ಎಲ್ಲ ನೀರೂ ಕೊನೆಗೆ ಇಳಿದು ಸೇರುವ ಕೆಳತೊಲೆ ಮತ್ತು ಮೂಲೆಗಂಬದ ಬುಡ ಮೊದಲು ಹಾಳಾಗುವ ಭಾಗಗಳು. ಅದೇ ನೀರು ಮರದಡಿಯ ಉಕ್ಕಿನ ನೆಲವನ್ನೂ ಬಿಡುವುದಿಲ್ಲ. ಒದ್ದೆ ಮರ ತನ್ನ ಕೆಳಗಿನ ಉಕ್ಕನ್ನು ಒಣಗಲು ಬಿಡದೆ ತುಕ್ಕು ಹಿಡಿಸುತ್ತದೆ, ತುಕ್ಕು ಉಬ್ಬಿ ಮರದ ಜೋಡಣೆಯನ್ನು ಇನ್ನಷ್ಟು ಬಿಚ್ಚುತ್ತದೆ.

ಕೈಬಿಟ್ಟ ಟ್ರಾವೆಲರ್ ಒಂದನ್ನು ಪರೀಕ್ಷಿಸುವಾಗ ಎಂಜಿನ್ನನ್ನು ಕೊನೆಗೆ ನೋಡಿದರೆ ಸಾಕು. ಮೊದಲು ಬೇಕಾದದ್ದು ಒಂದು ದಬ್ಬಣ. ಗಟ್ಟಿ ಮರದ ಮೇಲೆ ಒತ್ತಿದಾಗ ದಬ್ಬಣದ ಮೊನೆ ಮೇಲ್ಮೈಯಲ್ಲೇ ನಿಲ್ಲುತ್ತದೆ, ಕೊಳೆತ ಮರದೊಳಗೆ ಸಲೀಸಾಗಿ ಇಳಿಯುತ್ತದೆ; ಮೇಲೆ ಎಷ್ಟೇ ಹೊಳಪಿನ ವಾರ್ನಿಷ್ ಇದ್ದರೂ ಈ ಪರೀಕ್ಷೆಯನ್ನು ಮೋಸಗೊಳಿಸಲಾಗದು. ಮರ ಕಪ್ಪಾಗಿರುವುದೇ ಕೊಳೆತದ ಲಕ್ಷಣವಲ್ಲ, ನೀರಿನ ಕಲೆ ಮೇಲ್ಪದರಕ್ಕೇ ಸೀಮಿತವಾಗಿದ್ದರೆ ಉಜ್ಜಿ ತೆಗೆಯಬಹುದು. ಆದರೆ ಜೋಡಣೆಯ ಗೆರೆ ಬಾಯಿ ಬಿಟ್ಟಿದ್ದರೆ, ಅದರ ಸುತ್ತ ಕಪ್ಪು ಹಬ್ಬಿದ್ದರೆ, ಒಳಗೆ ಹಾನಿ ಆಗಿದೆ ಎಂದೇ ತಿಳಿಯಬೇಕು. ಮುಂಬಾಗಿಲನ್ನು ತೆರೆದು ಮುಚ್ಚಿ ನೋಡಿದಾಗ ಅದರ ಸುತ್ತಲಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ, ಇಲ್ಲವೇ ಬಾಗಿಲನ್ನು ಎತ್ತಿ ಮುಚ್ಚಬೇಕಾಗಿದ್ದರೆ, ಕಾರು ನಡುವಿನಲ್ಲಿ ಜೋತು ಬಿದ್ದಿದೆ ಎಂದರ್ಥ. ಆಮೇಲೆ ಕೆಳಗೆ ತೂರಿ, ಬಾಗಿಲಿನಡಿ ಉದ್ದಕ್ಕೂ ಹಾಯುವ ಪೆಟ್ಟಿಗೆಯಾಕಾರದ ಸಿಲ್‌ಗಳು, ಮುಂದಿನ ಸೀಟಿನ ಕೆಳಗಿನ ಅಡ್ಡತೊಲೆ, ಎಂಜಿನ್ನಿನ ಇಕ್ಕೆಲದ ತೊಲೆಗಳು, ಹಿಂದಿನ ಲೀಫ್ ಸ್ಪ್ರಿಂಗ್ ನೇತಾಡುವ ಕೊಂಡಿಗಳು, ಇವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳಬೇಕು. ಗಟ್ಟಿ ಉಕ್ಕು ಖಣಿಲೆನ್ನುತ್ತದೆ. ತುಕ್ಕು ತಿಂದದ್ದು ಮಂದ ಸದ್ದು ಮಾಡುತ್ತದೆ.

ಇಷ್ಟೆಲ್ಲ ಕೆಟ್ಟಿರುವ ಕಾರನ್ನು ಉಳಿಸುವುದು ಹಣದ ಲೆಕ್ಕದಲ್ಲಿ ಸರಿಯೇ ಎಂಬ ಪ್ರಶ್ನೆಗೆ ಒಂದು ಗಂಭೀರ ಉತ್ತರವನ್ನು ಕೊಟ್ಟಾತ ಬಾತ್ ನಗರದಲ್ಲಿ ಮಾರಿಸ್ ಮೈನರ್ ದುರಸ್ತಿ ಕೇಂದ್ರವನ್ನು ನಡೆಸಿದ ಚಾರ್ಲ್ಸ್ ವೇರ್. ಬಾಳುವ ಕಾರಿನ ಒಡೆತನ ಎಂಬ ವಿಚಾರದ ಬಗ್ಗೆ 1982ರಲ್ಲಿ ಪುಸ್ತಕವನ್ನೇ ಬರೆದ ಆತನ ವಾದ ಸರಳವಾದದ್ದು: ಹೊಸ ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಮೊದಲ ಕೆಲವು ವರ್ಷಗಳಲ್ಲೇ ಕರಗಿಹೋಗುತ್ತದೆ, ಅದರ ಬದಲು ಬಿಚ್ಚಿ ಜೋಡಿಸಲು ಸುಲಭವಾದ, ಬಿಡಿಭಾಗಗಳು ಸಿಗುವ ಹಳೆಯ ಕಾರೊಂದನ್ನು ಇಟ್ಟುಕೊಂಡು ವರ್ಷದಿಂದ ವರ್ಷಕ್ಕೆ ಒಂದೊಂದು ಭಾಗವನ್ನು ಹೊಸದಾಗಿಸುತ್ತಾ ಹೋದರೆ, ಖರ್ಚಾದ ಹಣ ಕಾರಿನಲ್ಲೇ ಉಳಿಯುತ್ತದೆ. ಮೈನರ್‌ಗೆ ಈ ವಾದ ಒಪ್ಪುತ್ತದೆ, ಏಕೆಂದರೆ ಅದರ ತಗಡು, ರಬ್ಬರು, ಯಂತ್ರಭಾಗ, ಆಶ್ ಚೌಕಟ್ಟು ಎಲ್ಲವೂ ಇಂದಿಗೂ ಹೊಸದಾಗಿ ತಯಾರಾಗಿ ದೊರಕುತ್ತವೆ. ಮೈನರ್ ಕಾರುಗಳು ದೈನಂದಿನ ಬಳಕೆಯಲ್ಲಿ ಬಹುಕಾಲ ಉಳಿದ ಶ್ರೀಲಂಕಾದಲ್ಲಿಯೂ ತಗಡಿನ ಭಾಗಗಳನ್ನು ತಯಾರಿಸಿ ಬ್ರಿಟನ್ನಿಗೆ ಕಳುಹಿಸುವ ಕೆಲಸ ನಡೆದಿತ್ತು. ಆದರೆ ಈ ವಾದವನ್ನು ಎಲ್ಲ ಕಾರಿಗೂ ಹಿಗ್ಗಿಸುವುದು ಸರಿಯಲ್ಲ. ಬೇರೆಯವರ ಕೈಕೂಲಿಯಿಂದಲೇ ಪೂರ್ತಿ ಕೆಲಸ ಮಾಡಿಸಿದರೆ, ಮರವೂ ನೆಲವೂ ಎರಡೂ ಹೋದ ಟ್ರಾವೆಲರ್‌ಗೆ ತಗಲುವ ಖರ್ಚು ಸುಸ್ಥಿತಿಯ ಇನ್ನೊಂದು ಟ್ರಾವೆಲರ್‌ನ ಬೆಲೆಯನ್ನು ಸುಲಭವಾಗಿ ಮೀರುತ್ತದೆ. ಅಂಥ ಕಾರನ್ನು ಎತ್ತಿಕೊಳ್ಳುವವರಿಗೆ ಲಾಭಕ್ಕಿಂತ ಬೇರೆ ಕಾರಣ ಇರಲೇಬೇಕು. ಅದು ತಪ್ಪೇನೂ ಅಲ್ಲ.

ಕೆಲಸದ ಕ್ರಮವನ್ನು ರಚನೆಯೇ ನಿರ್ಧರಿಸುತ್ತದೆ. ಮರ ಕೂರುವುದು ಉಕ್ಕಿನ ನೆಲದ ಮೇಲೆ, ಆದ್ದರಿಂದ ನೆಲ ಸಮವಾಗಿ, ಗಟ್ಟಿಯಾಗಿ ನಿಲ್ಲುವವರೆಗೆ ಮರವನ್ನು ಮುಟ್ಟುವಂತಿಲ್ಲ. ವೆಲ್ಡಿಂಗ್ ಕಿಡಿ ಹಾರುವಾಗ ಹತ್ತಿರದಲ್ಲಿ ಒಣಮರ ಇರಬಾರದು ಎಂಬುದೂ ಅಷ್ಟೇ ಮುಖ್ಯ. ಆದರೆ ಮರವನ್ನು ಪೂರ್ತಿ ಬಿಚ್ಚಿದ ಟ್ರಾವೆಲರ್‌ಗೆ ಹಿಂದಿನ ಅರ್ಧವೇ ಇರುವುದಿಲ್ಲ, ಸಿಲ್ಲನ್ನೂ ಕತ್ತರಿಸಿ ತೆಗೆದರೆ ಕಾರು ನಡುವಿನಲ್ಲಿ ಮಡಚಿಕೊಳ್ಳಬಹುದು. ಹೀಗಾಗಿ ಅನುಭವಿಗಳು ಕಾರನ್ನು ಸಮತಟ್ಟಾದ ಆಧಾರಗಳ ಮೇಲೆ ನಿಲ್ಲಿಸಿ, ಬಾಗಿಲಿನ ತೆರಪಿಗೆ ಅಡ್ಡಲಾಗಿ ಉಕ್ಕಿನ ಸರಳುಗಳನ್ನು ತಾತ್ಕಾಲಿಕವಾಗಿ ಬೆಸೆದು, ಒಂದು ಬದಿಯನ್ನು ಮುಗಿಸಿದ ಮೇಲಷ್ಟೇ ಇನ್ನೊಂದು ಬದಿಗೆ ಕೈ ಹಾಕುತ್ತಾರೆ, ಮತ್ತು ಹೆಜ್ಜೆ ಹೆಜ್ಜೆಗೂ ಬಾಗಿಲನ್ನು ತೂಗುಹಾಕಿ ಸಂದು ಸರಿಯಿದೆಯೇ ಎಂದು ನೋಡುತ್ತಾರೆ. ತುಕ್ಕು ತಿಂದ ತಗಡಿನ ಮೇಲೆ ಹೊಸ ತಗಡನ್ನು ಹೊದಿಸಿ ಬೆಸೆಯುವ ರೂಢಿ ಎಲ್ಲ ದೇಶಗಳ ಗ್ಯಾರೇಜುಗಳಲ್ಲಿಯೂ ಇದೆ. ಅದು ತುಕ್ಕನ್ನು ಒಳಗೇ ಮುಚ್ಚಿಟ್ಟು ಬೆಳೆಸುವ ವಿಧಾನವೇ ಹೊರತು ದುರಸ್ತಿ ಎನ್ನಿಸಿಕೊಳ್ಳದು. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತುಂಡನ್ನು ಅಂಚಿಗೆ ಅಂಚು ಕೂರಿಸುವುದೊಂದೇ ಬಾಳುವ ದಾರಿ. ಬೆಸುಗೆ ಮುಗಿದ ಮೇಲೆ ಪೆಟ್ಟಿಗೆಯಾಕಾರದ ಟೊಳ್ಳುಗಳೊಳಗೆ ಕರಗಿದ ಮೇಣವನ್ನು ಸಿಂಪಡಿಸುತ್ತಾರೆ. ಅದು ಸಂದುಗಳಿಗೆ ಹರಿದು, ಗಟ್ಟಿಯಾಗದೆ ಜಿಡ್ಡಾಗಿಯೇ ಉಳಿದು, ತೇವವನ್ನು ಉಕ್ಕಿನಿಂದ ದೂರ ಇಡುತ್ತದೆ.

ಮರದ ಕೆಲಸದಲ್ಲಿ ಮೊದಲ ಆಯ್ಕೆ, ಹೋದ ತುಂಡನ್ನಷ್ಟೇ ಬದಲಿಸಬೇಕೇ ಅಥವಾ ಇಡೀ ಬದಿಯನ್ನೇ ಹೊಸದಾಗಿ ಕೂರಿಸಬೇಕೇ ಎಂಬುದು. ಕಂಬದ ಬುಡವೊಂದೇ ಕೊಳೆತಿದ್ದರೆ ಅಷ್ಟನ್ನು ಕೊಯ್ದು, ಉಳಿದ ಗಟ್ಟಿ ಮರದ ತುದಿಯನ್ನೂ ಹೊಸ ತುಂಡಿನ ತುದಿಯನ್ನೂ ಉದ್ದನೆಯ ಓರೆಯಲ್ಲಿ ಕತ್ತರಿಸಿ ಒಂದರ ಮೇಲೊಂದು ಅಂಟಿಸಬಹುದು. ಓರೆ ಉದ್ದವಾದಷ್ಟೂ ಅಂಟು ಹಿಡಿಯುವ ಜಾಗ ಹೆಚ್ಚು, ಎಳೆಗೆ ಎಳೆ ಸೇರಿ ಬಲವೂ ಹೆಚ್ಚು. ನೇರವಾಗಿ ಅಡ್ಡಕ್ಕೆ ಕೊಯ್ದು ತುದಿಗೆ ತುದಿ ಅಂಟಿಸಿದ ಜೋಡಣೆಗೆ ಬಲವೇ ಇರುವುದಿಲ್ಲ. ಮುಂಬಾಗಿಲಿನ ಚಿಲಕ ಕಚ್ಚುವ ಕಂಬದಂಥ ಮುಖ್ಯ ತುಂಡುಗಳಿಗೆ ಮಾತ್ರ ಇಂಥ ಹೊಂದಾಣಿಕೆ ಸಲ್ಲದು, ಅಪಘಾತದಲ್ಲಿ ಬಾಗಿಲು ಮುಚ್ಚಿಯೇ ಇರಬೇಕಾದರೆ ಆ ಕಂಬ ಒಂದೇ ತುಂಡಾಗಿ ಗಟ್ಟಿಯಾಗಿರಬೇಕು. ಎರಡು-ಮೂರು ಕಡೆ ಕೊಳೆ ಕಂಡರೆ ಇಡೀ ಬದಿಯನ್ನು ಬದಲಿಸುವುದೇ ಕೊನೆಗೆ ಕಡಿಮೆ ಶ್ರಮದ ದಾರಿ ಎಂಬುದು ಈ ಕೆಲಸ ಬಲ್ಲವರ ಅನುಭವ. ಹಳೆಯ ತುಂಡೊಂದನ್ನು ಹೊರತೆಗೆಯಲು ಹೋದಾಗ ಪಕ್ಕದ ಜೋಡಣೆಗಳು ಹೇಗೂ ಬಿಚ್ಚಿಕೊಳ್ಳುತ್ತವೆ.

ಹೊಸ ಚೌಕಟ್ಟು ಅಂಟಿಸಿದ ಸ್ಥಿತಿಯಲ್ಲಿ ಬಂದರೂ ಅದನ್ನು ಕಾರಿಗೆ ನೇರವಾಗಿ ತಿರುಪು ಹಾಕಿ ಬಿಗಿಯುವುದು ದೊಡ್ಡ ತಪ್ಪು. ಕಾರ್ಖಾನೆಯಿಂದ ಹೊರಬಂದ ದಿನವೇ ಎರಡು ಟ್ರಾವೆಲರ್‌ಗಳ ನೆಲದ ಅಳತೆ ಒಂದೇ ಆಗಿರಲಿಲ್ಲ, ಅರ್ಧ ಶತಮಾನದ ತುಕ್ಕು ಮತ್ತು ಬೆಸುಗೆಗಳ ನಂತರವಂತೂ ಆ ಮಾತೇ ಇಲ್ಲ. ಸೂರಿಗೆ ಒಳಗಿನಿಂದ ಊರೆ ಕೊಟ್ಟು ನಿಲ್ಲಿಸಿ, ಹೊಸ ಬದಿಯನ್ನು ಅಂಟಿಲ್ಲದೆ ಹಿಡಿಕೆಗಳಿಂದ ಹಿಡಿದಿಟ್ಟು, ಮುಂಬಾಗಿಲು ತೂಗುಹಾಕಿ, ಹಿಂದಿನ ಜೋಡಿ ಬಾಗಿಲುಗಳನ್ನು ಕೂರಿಸಿ, ಗಾಜುಗಳು ತಮ್ಮ ತೋಡಿನಲ್ಲಿ ಜಾರುವುದನ್ನು ನೋಡಿದ ಮೇಲೆ, ಅಗತ್ಯವಿದ್ದಲ್ಲಿ ಕೀಸುಳಿ ಆಡಿಸಿ ತೆಳ್ಳಗೆ ತೆಗೆದು, ಮತ್ತೆ ಕೂರಿಸಿ ನೋಡಬೇಕು. ಹಿಂದಿನ ಎರಡು ಬಾಗಿಲುಗಳು ನಡುವೆ ಸಂಧಿಸುವ ಗೆರೆ ನೆಟ್ಟಗಿದ್ದರೆ ಇಡೀ ಚೌಕಟ್ಟು ಚಚ್ಚೌಕವಾಗಿದೆ ಎಂದು ನಂಬಬಹುದು, ಏಕೆಂದರೆ ಎಲ್ಲ ತಪ್ಪುಗಳೂ ಕೂಡಿ ಕೊನೆಗೆ ಅಲ್ಲಿಯೇ ಬಯಲಾಗುತ್ತವೆ. ಈ ಹಂತಕ್ಕೆ ತಗಲುವ ಸಮಯವನ್ನು ಉಳಿಸಲು ಹೋದವರ ಕಾರುಗಳಲ್ಲಿ ಮಳೆನೀರು ಮೊದಲ ವರ್ಷವೇ ಒಳಗೆ ಬರುತ್ತದೆ. ಹೊಂದಿಕೆ ತೃಪ್ತಿಕರವಾದ ನಂತರವೇ ಬಿಚ್ಚಿ, ಪ್ರತಿ ತುದಿಗೂ ಎರಡೂ ಬದಿಗೂ ಕೊಳೆನಿರೋಧಕವನ್ನು ಊಡಿಸಿ, ಮರ ಮತ್ತು ಉಕ್ಕು ಸೇರುವಲ್ಲಿ ಗಟ್ಟಿಯಾಗದ ಮೆದು ಲಪ್ಪವನ್ನು ಹಾಸಿ, ತುಕ್ಕು ಹಿಡಿಯದ ತಿರುಪುಗಳಿಂದ ಬಿಗಿಯಬೇಕು. ಅಲ್ಯೂಮಿನಿಯಂ ತಗಡುಗಳಿಗೆ ಬಣ್ಣ ಬಳಿಯುವ ಕೆಲಸವನ್ನು ಅವು ಚೌಕಟ್ಟಿನ ತೋಡಿಗೆ ಸೇರುವ ಮೊದಲೇ ಮುಗಿಸಿದರೆ ಅಂಚುಗಳೂ ರಕ್ಷಣೆ ಪಡೆಯುತ್ತವೆ.

ಮರದ ಮೇಲೆ ಏನು ಬಳಿಯಬೇಕೆಂಬುದು ಟ್ರಾವೆಲರ್ ಮಾಲೀಕರ ನಡುವೆ ಮುಗಿಯದ ಜಗಳ. ದೋಣಿಗಳಿಗೆ ಬಳಸುವ ಗಟ್ಟಿ ವಾರ್ನಿಷ್ ಕನ್ನಡಿಯಂಥ ಹೊಳಪು ಕೊಡುತ್ತದೆ, ಪ್ರದರ್ಶನಗಳಲ್ಲಿ ಬಹುಮಾನ ಗೆಲ್ಲುವ ಕಾರುಗಳಲ್ಲಿ ಅದೇ ಹೆಚ್ಚು. ಆದರೆ ಓಡುವ ಕಾರಿನ ಚೌಕಟ್ಟು ಸದಾ ಅಲುಗುತ್ತದೆ, ಋತುಮಾನದೊಂದಿಗೆ ಮರ ಹಿಗ್ಗಿ ಕುಗ್ಗುತ್ತದೆ. ಗಟ್ಟಿ ಪೊರೆ ಜೋಡಣೆಗಳ ಬಳಿ ಕೂದಲೆಳೆಯಷ್ಟು ಬಿರಿದರೂ ಅಲ್ಲಿಂದ ಒಳಹೋದ ನೀರು ಪೊರೆಯಡಿ ಸಿಕ್ಕಿಬಿದ್ದು ಹೊರಬರಲಾರದೆ ಮರವನ್ನು ಕಪ್ಪಾಗಿಸುತ್ತದೆ. ಎಣ್ಣೆ ಅಥವಾ ತೇವಾಂಶ ಆವಿಯಾಗಿ ಹೊರಹೋಗಲು ಬಿಡುವ ಸೂಕ್ಷ್ಮರಂಧ್ರಗಳ ಲೇಪನ ಅಷ್ಟು ಹೊಳೆಯುವುದಿಲ್ಲ, ವರ್ಷವರ್ಷವೂ ಮತ್ತೆ ಬಳಿಯಬೇಕಾಗುತ್ತದೆ; ಆದರೆ ಮತ್ತೆ ಬಳಿಯುವಾಗ ಹಳೆಯ ಪೊರೆಯನ್ನು ಕೆರೆದು ತೆಗೆಯುವ ಗೋಳಿಲ್ಲ. ಹೊರಗೆ ನಿಲ್ಲುವ, ಮಳೆಯಲ್ಲಿ ಓಡುವ ಕಾರಿಗೆ ಎರಡನೆಯದೇ ಮೇಲು. ಹೊಳಪಿಗಾಗಿ ಭಾರ ಹೊರುವ ಮರವನ್ನು ಪಣಕ್ಕಿಡುವುದು ವಿವೇಕವಲ್ಲ.

ಯಂತ್ರಭಾಗಗಳು ಇದಕ್ಕೆ ಹೋಲಿಸಿದರೆ ಸುಲಭ. ಟ್ರಾವೆಲರ್ ಮೊದಲು 803 ಸಿಸಿ, 1956ರಿಂದ 948 ಸಿಸಿ, 1962ರಿಂದ 1098 ಸಿಸಿಯ ಎಂಜಿನ್ನುಗಳನ್ನು ಪಡೆಯಿತು. ಮೂರೂ ಒಂದೇ ವಂಶದವು, ಮಿನಿ ಕಾರೂ ಅದೇ ವಂಶದ ಎಂಜಿನ್ನನ್ನು ಬಳಸಿತಾದ್ದರಿಂದ ಬಿಡಿಭಾಗಗಳಿಗೆ ಬರವಿಲ್ಲ. ಬಹುಕಾಲ ನಿಂತು ಹಿಡಿದುಕೊಂಡ ಎಂಜಿನ್ನಿಗೆ ಸೆಲ್ಫ್ ಹೊಡೆಯಬಾರದು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಸಿಲಿಂಡರುಗಳೊಳಗೆ ತೆಳು ಎಣ್ಣೆ ಸುರಿದು, ಹಲವು ದಿನ ಕಾದು, ಕೈಯಿಂದಲೇ ಹಿಂದೆ-ಮುಂದೆ ನಿಧಾನವಾಗಿ ಅಲುಗಿಸಿದರೆ ಎಷ್ಟೋ ಎಂಜಿನ್ನುಗಳು ಬಿಡಿಸಿಕೊಳ್ಳುತ್ತವೆ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುವ ಗುಣದ್ದಾದ್ದರಿಂದ ನಿಂತ ಕಾರಿನ ಬ್ರೇಕ್ ಸಿಲಿಂಡರುಗಳು ಒಳಗೇ ತುಕ್ಕು ಹಿಡಿದಿರುತ್ತವೆ. ರಬ್ಬರ್ ಕೊಳವೆಗಳ ಸಮೇತ ಅವೆಲ್ಲವನ್ನೂ ಬದಲಿಸಬೇಕು, ಚಾಲಕನ ಕಾಲಡಿಯ ನೆಲದೊಳಗೆ ಹುದುಗಿರುವ ಮಾಸ್ಟರ್ ಸಿಲಿಂಡರನ್ನು ತಲುಪುವುದು ಕಷ್ಟವೆಂಬ ಕಾರಣಕ್ಕೆ ಅದನ್ನು ಬಿಟ್ಟುಬಿಡಬಾರದು.

ಮುಂದಿನ ಚಕ್ರಗಳ ವಿಷಯ ಮಾತ್ರ ಪ್ರಾಣಕ್ಕೆ ಸಂಬಂಧಿಸಿದ್ದು. ಮೈನರ್‌ನ ಮುಂಭಾಗವನ್ನು ಹೊರುವುದು ಸುರುಳಿ ಸ್ಪ್ರಿಂಗ್ ಅಲ್ಲ, ಟಾರ್ಷನ್ ಬಾರ್, ಅಂದರೆ ಉದ್ದಕ್ಕೂ ಮಲಗಿ ತಿರುಚಿಕೊಳ್ಳುವ ಮೂಲಕ ಆಘಾತವನ್ನು ತಡೆಯುವ ಉಕ್ಕಿನ ಸರಳು. ಅಂಬಾಸಿಡರ್‌ನಲ್ಲಿಯೂ ಇದೇ ವ್ಯವಸ್ಥೆ ಇತ್ತು. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವುದು ಟ್ರನಿಯನ್ ಎಂಬ ಮರೆಯುಳ್ಳ ತುಂಡಿನ ಮೇಲೆ, ತಿರುಪಿನ ಮೇಲೆ ನಟ್ಟು ತಿರುಗುವಂತೆ. ಅದಕ್ಕೆ ಕಾಲಕಾಲಕ್ಕೆ ಗ್ರೀಸ್ ಹೊಡೆಸದಿದ್ದರೆ ಮರೆ ಸವೆದು, ಒಂದು ದಿನ ಪೂರ್ತಿ ಕಳಚಿಕೊಂಡು, ಚಕ್ರ ಕಾರಿನ ಕೆಳಗೆ ಮಡಚಿಕೊಳ್ಳುತ್ತದೆ. ಕೈಬಿಟ್ಟ ಕಾರಿನಲ್ಲಿ ಇದರ ಇತಿಹಾಸ ಯಾರಿಗೂ ತಿಳಿದಿರುವುದಿಲ್ಲವಾದ್ದರಿಂದ ಬಿಚ್ಚಿ ನೋಡದೆ ರಸ್ತೆಗಿಳಿಸುವುದು ಅಪರಾಧವೇ ಸರಿ.

ಪೆಟ್ರೋಲಿನ ಬಗ್ಗೆಯೂ ಎಚ್ಚರ ಬೇಕು. ಸೀಸ ಬೆರೆಸಿದ ಪೆಟ್ರೋಲು 2000ದ ಹೊತ್ತಿಗೆ ಬ್ರಿಟನ್ನಿನಲ್ಲೂ ಭಾರತದಲ್ಲೂ ಮಾರಾಟದಿಂದ ಹೋಯಿತು. ಆ ಸೀಸವೇ ಹಳೆಯ ಎಂಜಿನ್ನಿನ ನಿಷ್ಕಾಸ ಕವಾಟ ಕೂರುವ ಜಾಗವನ್ನು ಸವೆಯದಂತೆ ಕಾಪಾಡುತ್ತಿದ್ದುದರಿಂದ, ಎಂಜಿನ್ ತಲೆಯನ್ನು ಬಿಚ್ಚಿದಾಗಲೇ ಅಲ್ಲಿ ಗಟ್ಟಿ ಉಕ್ಕಿನ ಉಂಗುರಗಳನ್ನು ಕೂರಿಸುವುದು ಉತ್ತಮ. ಈಗ ಬ್ರಿಟನ್ನಿನಲ್ಲಿ ಶೇಕಡಾ 10ರವರೆಗೆ, ಭಾರತದಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು ಬಳಕೆಯಲ್ಲಿದೆ. ಎಥನಾಲ್ ಹಳೆಯ ರಬ್ಬರನ್ನು ಊದಿಸಿ ಒಡೆಯುತ್ತದೆ, ನೀರನ್ನು ಸೆಳೆದು ಟ್ಯಾಂಕಿಗೆ ತುಕ್ಕು ತರುತ್ತದೆ. ಇದು ಟ್ರಾವೆಲರ್‌ಗಷ್ಟೇ ಅಲ್ಲ, ಕರ್ನಾಟಕದ ಮನೆಗಳ ಮುಂದೆ ಹೊದಿಕೆಯಡಿ ನಿಂತಿರುವ ಪ್ರತಿಯೊಂದು ಪದ್ಮಿನಿ, ಅಂಬಾಸಿಡರ್ ಕಾರಿಗೂ ಸಲ್ಲುವ ಮಾತು: ಇಂಧನದ ಕೊಳವೆಗಳನ್ನು ಎಥನಾಲ್ ತಾಳುವ ಬಗೆಯವಕ್ಕೆ ಬದಲಿಸದೆ ಅವನ್ನು ಓಡಿಸಬಾರದು.

ಹೊಸ ಆಶ್, ಹೊಸ ನೆಲ, ಹೊಸ ಸಿಲ್ ಪಡೆದ ಕಾರು ಮೂಲ ಕಾರೇ ಹೌದೇ ಎಂಬ ಚರ್ಚೆಗೆ ಕಾನೂನಿನ ಮುಖವೂ ಇದೆ. ಹಳೆಯ ವಾಹನಗಳ ಸಂಘಟನೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2013ರಲ್ಲಿ ಅಂತಿಮಗೊಳಿಸಿದ ಟ್ಯೂರಿನ್ ಸನ್ನದು, ಇದ್ದದ್ದನ್ನು ಇದ್ದಂತೆ ಕಾಪಾಡುವುದಕ್ಕೆ ಮೊದಲ ಮನ್ನಣೆ ಕೊಟ್ಟು, ಬದಲಿಸಲೇಬೇಕಾದಲ್ಲಿ ಬದಲಾವಣೆಯನ್ನು ದಾಖಲಿಸಬೇಕೆಂದು ಕೇಳುತ್ತದೆ. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ, ಗಣನೀಯವಾಗಿ ಬದಲಾಗದ, 40 ವರ್ಷ ದಾಟಿದ ಕಾರುಗಳಿಗೆ ವಾರ್ಷಿಕ ತಪಾಸಣೆಯ ಕಡ್ಡಾಯ ಇಲ್ಲ. ಟ್ರಾವೆಲರ್ ಮಟ್ಟಿಗೆ ಈ ರಿಯಾಯಿತಿ ಹಾನಿಕರವಾದದ್ದು: ದಬ್ಬಣ ಹಿಡಿದು ನೋಡುವ ಹೊರಗಿನ ಕಣ್ಣು ಇಲ್ಲವಾದಾಗ ಕೊಳೆ ಒಳಗೇ ಬೆಳೆಯುತ್ತದೆ, ಆದ್ದರಿಂದ ಕಡ್ಡಾಯವಿಲ್ಲದಿದ್ದರೂ ಪರೀಕ್ಷೆಗೆ ಒಯ್ಯುವ ಮಾಲೀಕರೇ ಜಾಣರು. ಭಾರತದಲ್ಲಿ 2021ರ ಜುಲೈನ ನಿಯಮಗಳು 50 ವರ್ಷ ದಾಟಿದ, ಚಾಸಿ, ಮೈ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಇಲ್ಲದ ವಾಹನಗಳನ್ನು ವಿಂಟೇಜ್ ಎಂದು ಗುರುತಿಸಿ, ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಗೆ ಅವಕಾಶ ಕೊಟ್ಟಿವೆ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ನೋಡಿ ಆಸೆಪಟ್ಟು, ಅಜ್ಜನ ಕಾಲದ ಕಾರನ್ನು ಎತ್ತಿಕೊಳ್ಳುವವರು ಡೀಸೆಲ್ ಎಂಜಿನ್ ಕೂರಿಸುವ ಹಳೆಯ ರೂಢಿಗೆ ಬೀಳುವ ಮೊದಲು ಈ ನಿಯಮವನ್ನು ಓದಿಕೊಳ್ಳಬೇಕು. ಕೊಳೆತ ಆಶ್‌ಗೆ ಬದಲಾಗಿ ಅದೇ ಮರವನ್ನು ಅದೇ ಜೋಡಣೆಯಲ್ಲಿ ಕೂರಿಸುವುದು ಮಾತ್ರ ಯಾವ ದೃಷ್ಟಿಯಿಂದಲೂ ಮಾರ್ಪಾಡಲ್ಲ. ಸವೆದಾಗ ಬದಲಿಸಲು ಬರುವಂತೆಯೇ ಆ ಚೌಕಟ್ಟನ್ನು ತುಂಡುತುಂಡಾಗಿ ಕಟ್ಟಲಾಗಿದೆ.

ಆದರೆ ಆ ಮರವೇ ಈಗ ಅಪಾಯದಲ್ಲಿದೆ. ಆಶ್ ಮರದ ಎಲೆ ಮತ್ತು ರೆಂಬೆಗಳನ್ನು ತುದಿಯಿಂದ ಒಣಗಿಸಿ ಕೊಲ್ಲುವ ಶಿಲೀಂಧ್ರ ರೋಗವೊಂದು 1992ರಲ್ಲಿ ಪೋಲೆಂಡಿನಲ್ಲಿ ಗಮನಕ್ಕೆ ಬಂದು ಯುರೋಪಿನಾದ್ಯಂತ ಹರಡಿ, 2012ರಲ್ಲಿ ಬ್ರಿಟನ್ನಿನಲ್ಲೂ ದೃಢಪಟ್ಟಿತು. ರೋಗಕ್ಕೆ ಮದ್ದಿಲ್ಲ; ತಾಳಿಕೊಳ್ಳುವ ಕೆಲವು ಮರಗಳಿಂದ ಬೀಜ ಆಯ್ದು ಬೆಳೆಸುವ ಪ್ರಯತ್ನಗಳು ನಡೆದಿವೆ. ಚೌಕಟ್ಟಿಗೆ ಬೇಕಾದ ನೇರ ಎಳೆಯ ದಪ್ಪ ದಿಮ್ಮಿ ಬೆಳೆಯಲು ದಶಕಗಳೇ ಬೇಕಾದ್ದರಿಂದ, ಈಗ ಕೂರಿಸಿದ ಮರವನ್ನು ಬಾಳಿಸುವುದರ ಬೆಲೆ ಹೆಚ್ಚಿದೆ. ಅದಕ್ಕೆ ಬೇಕಾದ ಆರೈಕೆ ಕಷ್ಟದ್ದಲ್ಲ: ಎಲೆ ಉದುರುವ ಕಾಲದ ನಂತರ ಕಿಟಕಿಯ ತೋಡುಗಳನ್ನು ಗುಡಿಸಿ, ನೀರಿಳಿಯುವ ರಂಧ್ರಗಳಲ್ಲಿ ತಂತಿ ಆಡಿಸಿ, ಜೋಡಣೆಗಳ ಗೆರೆಯನ್ನು ನೋಡಿ, ಬೇಸಗೆಯ ಒಣಹವೆಯಲ್ಲಿ ಎಣ್ಣೆ ಬಳಿಯುವುದು, ಮೊದಲ ವರ್ಷ ಹೊಸ ಮರ ಒಣಗಿ ಕುಗ್ಗುವುದರಿಂದ ತಿರುಪುಗಳನ್ನು ಇನ್ನೊಮ್ಮೆ ಬಿಗಿಯುವುದು, ಮತ್ತು ಕಾರನ್ನು ಪ್ಲಾಸ್ಟಿಕ್ ಹೊದಿಕೆಯಡಿ ಉಸಿರುಗಟ್ಟಿಸಿ ನಿಲ್ಲಿಸುವ ಬದಲು, ಗಾಳಿಯಾಡುವ ಸೂರಿನಡಿ ಇಟ್ಟು ಆಗಾಗ ಓಡಿಸುವುದು.